ಹಳ್ಳಿಯ ಮಗ್ಗುಲಲ್ಲಿ ಹೊಸ ಬಡಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಊರಂಚಿನ ಹೊಲಗಳು ನಿವೇಶನಗಳಾಗುತ್ತಿವೆ. ಜಮೀನು ಕೊಡುವ ರೈತರು, ನಿವೇಶನ ಕೊಳ್ಳುವ ನೌಕರರು, ಪಂಚಾಯಿತಿ ಸದಸ್ಯರು ಮತ್ತು ಕೆಲವು ಯುವ ಎಂಜಿನಿಯರುಗಳು ಊರಕಟ್ಟೆಯ ಮೇಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇನೆ. ಮೊದಲು ಸರಳವಾದವು, ಅನಂತರ ಬಿಡಿಸಿ ಹೇಳಬೇಕಾದವು.

## ಮೊದಲು ತಿಳಿಯಬೇಕಾದದ್ದು

ಎಲ್ಲರೂ ‘ಸುಸ್ಥಿರ ಬಡಾವಣೆ’ ಅಂತ ಬೋರ್ಡು ಹಾಕುತ್ತಾರೆ. ಪಾರ್ಕು, ಸೋಲಾರ್ ದೀಪ ಇದ್ದರೆ ಆಯಿತಲ್ಲವೇ?

ಆಗಲಿಲ್ಲ. ಬಡಾವಣೆಗೆ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳಿ. ಹಳ್ಳಿಯ ಅಂತರ್ಜಲದಿಂದ ಬರುತ್ತದೆ, ಹಳ್ಳಿಯ ಕೆರೆಗೆ ಹೋಗುತ್ತದೆ ಎಂಬುದೇ ಉತ್ತರವಾದರೆ ಆ ಬಡಾವಣೆ ಪಕ್ಕದ ಊರಿನ ಸಾಲದ ಮೇಲೆ ನಿಂತಿದೆ ಎಂದರ್ಥ; ಅದರಲ್ಲಿ ಎಷ್ಟು ಸೋಲಾರ್ ದೀಪಗಳಿದ್ದರೂ ಆ ಸಾಲ ತೀರುವುದಿಲ್ಲ. ಹೊಸ ಬಡಾವಣೆ ಬಂದ ಮೇಲೆ ಹಳೆಯ ಊರಿನ ನೀರು, ದಾರಿ, ಮೇವು ಮೊದಲಿಗಿಂತ ಕೆಡದೆ ಉಳಿದಿದ್ದರೆ ಮಾತ್ರ ನಾನು ಅದನ್ನು ಸುಸ್ಥಿರ ಎಂದು ಕರೆಯುತ್ತೇನೆ. ಮುಂದಿನ ಉತ್ತರಗಳೆಲ್ಲ ಈ ಅಳತೆಗೋಲಿನಿಂದಲೇ ಬಂದಿವೆ.

ನನ್ನದು ಹತ್ತು ಎಕರೆ ಇದೆ. ಎಷ್ಟು ಸೈಟು ಬೀಳುತ್ತವೆ?

ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿಯಂತೆ ಹತ್ತು ಎಕರೆ ಎಂದರೆ 4,35,600 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ, ನೀರಿನ ವ್ಯವಸ್ಥೆ ಎಲ್ಲ ಕಳೆದು ಅರ್ಧ ಉಳಿಯಿತು ಎಂದಿಟ್ಟುಕೊಂಡರೆ 30×40ರ ಸುಮಾರು 180 ನಿವೇಶನಗಳಾಗುತ್ತವೆ. ಇನ್ನೂರೈವತ್ತು ಮಾಡಿಕೊಡುತ್ತೇನೆ ಎನ್ನುವವರು ಬಂದರೆ ಅವರು ಯಾವುದನ್ನು ಕಿರಿದು ಮಾಡುತ್ತಿದ್ದಾರೆ ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ಸಾಮಾನ್ಯವಾಗಿ ಕಿರಿದಾಗುವುದು ಚರಂಡಿ ಮತ್ತು ಹಳ್ಳದ ಅಂಚು.

ಊರಿಗೆ ಅಂಟಿಸಿ ಮಾಡುವುದಕ್ಕಿಂತ ಹೆದ್ದಾರಿ ಪಕ್ಕ ಮಾಡಿದರೆ ರೇಟು ಹೆಚ್ಚಲ್ಲವೇ?

ಮಾರುವ ದಿನ ಹೆಚ್ಚು ಸಿಗಬಹುದು. ಆದರೆ ಊರಿಂದ ಎರಡು ಕಿಲೋಮೀಟರ್ ದೂರ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ಒಂಟಿಯಾಗಿ ನಿಂತ ಬಡಾವಣೆಯಲ್ಲಿ ಹಾಲು, ಶಾಲೆ, ಔಷಧಿ ಎಲ್ಲದಕ್ಕೂ ಬೈಕು ತೆಗೆಯಬೇಕು. ವಯಸ್ಸಾದವರು ಮತ್ತು ಮಕ್ಕಳು ಮನೆಯಲ್ಲೇ ಉಳಿಯಬೇಕಾಗುತ್ತದೆ. ಊರಿಗೆ ಹೊಂದಿಕೊಂಡ ಬಡಾವಣೆಯಿಂದ ಶಾಲೆಗೂ ಬಸ್ಸು ನಿಲ್ಲುವ ಜಾಗಕ್ಕೂ ಹತ್ತು ನಿಮಿಷದಲ್ಲಿ ನಡೆದು ಹೋಗಬಹುದು. ನಡುವೆ ಹೊಲ ಬಿಟ್ಟು ಹಾರಿ ಹೋದ ಬಡಾವಣೆಗಳಿಂದ ಆ ಹೊಲಗಳೂ ಬೇಸಾಯ ಬಿಟ್ಟು ಬೀಳುಬೀಳುತ್ತವೆ.

## ಜಮೀನು ಮತ್ತು ಕಾಗದ

ಪಂಚಾಯಿತಿ ಖಾತೆ ಇದೆ ಅಂದರು. ಅಷ್ಟು ನೋಡಿ ಸೈಟು ತಗೋಬಹುದಾ?

ಖಾತೆ ತೆರಿಗೆಯ ದಾಖಲೆ; ಖಾತೆಯಿದ್ದ ಮಾತ್ರಕ್ಕೆ ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ ಎಂದು ತಿಳಿಯಬಾರದು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಪ್ರಕರಣದಡಿ ಭೂಪರಿವರ್ತನೆಯ ಆದೇಶ ಇರಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಆ ಪ್ರದೇಶದ ಯೋಜನಾ ಪ್ರಾಧಿಕಾರ ವಿನ್ಯಾಸ ನಕ್ಷೆಯನ್ನು ಮಂಜೂರು ಮಾಡಿರಬೇಕು. ದಾವಣಗೆರೆ ಮತ್ತು ಹರಿಹರದ ಸುತ್ತ ಇದು ಅಲ್ಲಿಯ ನಗರಾಭಿವೃದ್ಧಿ ಪ್ರಾಧಿಕಾರದ ಕೆಲಸ. ಯೋಜನೆ 500 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ 2016ರ ರೇರಾ (ಸ್ಥಿರಾಸ್ತಿ ನಿಯಂತ್ರಣ) ಕಾಯ್ದೆಯ ನೋಂದಣಿಯನ್ನೂ ಕೇಳಿ ನೋಡಬೇಕು. ಇನ್ನೊಂದನ್ನು ಮರೆಯಬಾರದು: ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದ ಜಮೀನಾದರೆ 1978ರ ಪರಭಾರೆ ನಿಷೇಧ ಕಾಯ್ದೆ ಅನ್ವಯಿಸುತ್ತದೆ. ಅದು ಒಂದು ಬಡ ಕುಟುಂಬದ ಭೂಮಿಯನ್ನು ಕಾಯುವ ಕಾನೂನು. ಅದನ್ನು ಸುತ್ತಿ ಬಳಸಿ ದಾಟಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳಿಂದ ದೂರವಿರಿ.

ಪಹಣಿಯಲ್ಲಿ ಎಂಟು ಗುಂಟೆ ಬ ಖರಾಬು ಅಂತಿದೆ. ಅಲ್ಲಿ ಏನೂ ಇಲ್ಲ, ಬರೀ ಮುಳ್ಳುಕಂಟಿ. ಸೇರಿಸಿಕೊಂಡರೆ ಏನಾಗುತ್ತದೆ?

ಅಲ್ಲಿ ಏನೂ ಇಲ್ಲ ಎಂದು ಕಾಣುವುದು ಬೇಸಿಗೆಯಲ್ಲಿ. ‘ಅ’ ಖರಾಬು ಸಾಗುವಳಿಗೆ ಬಾರದ ಖಾಸಗಿ ನೆಲವಾದರೆ, ‘ಬ’ ಖರಾಬು ಸಾರ್ವಜನಿಕರದು: ಹಳ್ಳ, ದಾರಿ, ಕಟ್ಟೆ, ಸ್ಮಶಾನ. ಗ್ರಾಮ ನಕಾಶೆಯನ್ನು ತೆಗೆಸಿ ಆ ಎಂಟು ಗುಂಟೆಯನ್ನು ಮೇಲಿನ ಮತ್ತು ಕೆಳಗಿನ ಸರ್ವೆ ನಂಬರುಗಳಿಗೆ ಜೋಡಿಸಿ ನೋಡಿದರೆ ಅದೊಂದು ಹಳ್ಳದ ತುಂಡು ಅಥವಾ ಬಂಡಿದಾರಿಯ ತುಂಡು ಎಂಬುದು ಬಹಳ ಸಲ ಗೊತ್ತಾಗುತ್ತದೆ. ಹಳ್ಳವನ್ನು ಮಣ್ಣು ತುಂಬಿ ಸಮ ಮಾಡಿದರೆ ದೊಡ್ಡ ಮಳೆಯ ದಿನ ನೀರು ತನ್ನ ಹಳೆಯ ಜಾಡನ್ನೇ ಹುಡುಕಿಕೊಂಡು ಬರುತ್ತದೆ. ಆಗ ಅದರ ದಾರಿಯಲ್ಲಿ ಯಾರದೋ ಅಡುಗೆಮನೆ ಇರುತ್ತದೆ. ಈ ಜಾಗವನ್ನು ಸೇರಿಸಿಕೊಳ್ಳುವ ಬದಲು ಎರಡೂ ಬದಿಗೆ ಮರ ಹಾಕಿ ಬಡಾವಣೆಯ ಮುಖ್ಯ ನಡಿಗೆದಾರಿಯನ್ನಾಗಿ ಮಾಡುವುದು ಜಾಣತನ.

ನಮ್ಮದು ಭದ್ರಾ ನಾಲೆಯ ಅಚ್ಚುಕಟ್ಟಿನ ಗದ್ದೆ. ನಮ್ಮ ಗದ್ದೆ ಸೈಟಾದರೆ ಬೇರೆಯವರಿಗೇನು ತೊಂದರೆ?

ಈ ಪ್ರಶ್ನೆಗೆ ಒಂದು ಘಟನೆಯನ್ನು ಹೇಳಲೇಬೇಕು. ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕು ಎಕರೆ ಗದ್ದೆಗೆ ಗ್ರಾವೆಲ್ ತುಂಬಿ ರಸ್ತೆ ಮಾಡಿದ್ದರು. ಆ ರಸ್ತೆಯ ಅಡಿಯಲ್ಲಿ ಹೊಲಗಾಲುವೆ ಹಾಯುತ್ತಿತ್ತು. ಅದಕ್ಕೆ ಒಂದು ಅಡಿಯ ಸಿಮೆಂಟ್ ಪೈಪು ಹೂತಿದ್ದರು. ಮೊದಲ ಹಂಗಾಮಿನಲ್ಲೇ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ, ಹುಲ್ಲು, ಹೂಳು ಸೇರಿ ಬಿರಡೆ ಹಾಕಿದಂತಾಯಿತು. ನಾನು ಹೋದಾಗ ಕೆಳಗದ್ದೆಯ ಹಿರಿಯರೊಬ್ಬರು ಪಂಚೆ ಮೇಲೆ ಕಟ್ಟಿ, ಉದ್ದನೆಯ ಬಿದಿರುಗಳುವನ್ನು ಪೈಪಿನೊಳಗೆ ತಳ್ಳಿ ಎಳೆಯುತ್ತಿದ್ದರು. ಪೈಪಿನ ಈಚೆಗೆ ಮೊಣಕಾಲುದ್ದ ನೀರು, ಆಚೆಗೆ ತೆನೆ ಕಟ್ಟುವ ಹೊತ್ತಿನ ಭತ್ತದ ಗದ್ದೆಯಲ್ಲಿ ಬಿರುಕು. ಬಡಾವಣೆಯವರು ಯಾರ ನೀರನ್ನೂ ಕದ್ದಿರಲಿಲ್ಲ; ಕಾಲುವೆಯ ಬಗ್ಗೆ ಕೇಳುವುದನ್ನು ಮರೆತಿದ್ದರು, ಅಷ್ಟೇ.

ಅಚ್ಚುಕಟ್ಟಿನಲ್ಲಿ ಒಂದು ಗದ್ದೆ ಬರೀ ಒಂದು ಗದ್ದೆಯಲ್ಲ. ಅದರ ಬದುವಿನ ಮೇಲೆ ಕೆಳಗಿನವರ ನೀರು ಬರುತ್ತದೆ, ಅದರ ಬಸಿಗಾಲುವೆಯಲ್ಲಿ ಮೇಲಿನವರ ಬಸಿನೀರು ಹೋಗುತ್ತದೆ. ಕೊನೆಯ ಭಾಗದ ರೈತರಿಗೆ ನೀರು ಮುಟ್ಟಿಸುವುದು ಮೊದಲೇ ಕಷ್ಟ. ಹಾಗಾಗಿ ಸಾಧ್ಯವಿದ್ದಲ್ಲಿ ಅಚ್ಚುಕಟ್ಟಿನ ಹೊರಗಿನ ಖುಷ್ಕಿ ನೆಲವನ್ನೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಧ್ಯವೇ ಇಲ್ಲದಿದ್ದರೆ ಹೊಲಗಾಲುವೆ ಮತ್ತು ಬಸಿಗಾಲುವೆ ಎರಡನ್ನೂ ತೆರೆದ ಕಾಲುವೆಯಾಗಿಯೇ ಉಳಿಸಿ, ರಸ್ತೆ ದಾಟುವಲ್ಲಿ ಪೈಪಿನ ಬದಲು ಮನುಷ್ಯ ಬಗ್ಗಿ ಒಳಹೋಗಿ ಹೂಳು ತೆಗೆಯಬಹುದಾದ ಮೋರಿ ಕಟ್ಟಬೇಕು, ಮತ್ತು ನೀರಗಂಟಿ ಓಡಾಡಲು ಬದಿಯಲ್ಲಿ ದಾರಿ ಬಿಡಬೇಕು.

## ನೀರು

ಎರಡು ಬೋರು ಹಾಕಿಸಿ ಓವರ್‌ಹೆಡ್ ಟ್ಯಾಂಕ್ ಕಟ್ಟಿದರೆ ಸಾಲದೇ?

ಲೆಕ್ಕ ಹಾಕಿ ನೋಡೋಣ. 180 ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ ನಗರದ ಲೆಕ್ಕದ 135 ಲೀಟರ್ ಎಂದರೆ ದಿನಕ್ಕೆ 1,21,500 ಲೀಟರ್. ಪಕ್ಕದ ಹಳ್ಳಿಗೆ ಜಲ ಜೀವನ್ ಮಿಷನ್ ಅಡಿಯಲ್ಲಿ ತಲೆಗೆ 55 ಲೀಟರಿನ ಗುರಿ. ಒಂದೇ ಬಂಡೆಯ ಬಿರುಕುಗಳಲ್ಲಿ ನಿಂತ ನೀರನ್ನು ಎರಡು ಊರುಗಳು ಹೀಗೆ ಬೇರೆ ಬೇರೆ ಅಳತೆಯಲ್ಲಿ ಎಳೆಯತೊಡಗಿದರೆ, ಆಳವಾದ ಬೋರು ಮತ್ತು ದೊಡ್ಡ ಮೋಟಾರು ಇರುವವರು ಗೆಲ್ಲುತ್ತಾರೆ. ಹಳ್ಳಿಯ ಕೈಪಂಪು ಮೊದಲು ಗಾಳಿ ಕಕ್ಕುತ್ತದೆ. ಬೋರು ಕೊರೆಯುವ ಮೊದಲು ಊರಿನ ಈಗಿರುವ ಬೋರುಗಳು ಮೇ ತಿಂಗಳಲ್ಲಿ ಎಷ್ಟು ಹೊತ್ತು ಓಡುತ್ತವೆ ಎಂಬುದನ್ನು ವಾಟರ್‌ಮ್ಯಾನ್ ಬಳಿ ಕೂತು ಬರೆದುಕೊಳ್ಳಿ. ಆ ಬರಹವೇ ನಿಮ್ಮ ಬಡಾವಣೆಯ ಗಾತ್ರವನ್ನು ತೀರ್ಮಾನಿಸಬೇಕು.

ಮಳೆನೀರು ಹಿಡಿದರೆ ವರ್ಷಪೂರ್ತಿ ಆಗುತ್ತದೆಯೇ?

ಪೂರ್ತಿ ಆಗುವುದಿಲ್ಲ, ಆಗುತ್ತದೆ ಎಂದು ಹೇಳಿ ನಿಮ್ಮನ್ನು ನಂಬಿಸಲು ನನಗೆ ಮನಸ್ಸಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡು, 100 ಚದರ ಮೀಟರ್ ಮಾಳಿಗೆಯಿಂದ ಐದರಲ್ಲಿ ನಾಲ್ಕು ಪಾಲು ಸಿಕ್ಕರೆ ಮನೆಗೆ 48,000 ಲೀಟರ್. 180 ಮನೆಗೆ 86 ಲಕ್ಷ ಲೀಟರ್ ದಾಟುತ್ತದೆ. ಅದೇ 180 ಮನೆಗಳ ವರ್ಷದ ಬಳಕೆ, ತಲೆಗೆ 135 ಲೀಟರಿನಂತೆ, ಸುಮಾರು 4.4 ಕೋಟಿ ಲೀಟರ್. ಅಂದರೆ ಐದರಲ್ಲಿ ಒಂದು ಪಾಲು ಮಾತ್ರ. ಚಳ್ಳಕೆರೆಯ ಕಡೆ ಮಳೆ ಇನ್ನೂ ಕಡಿಮೆ.

ಆದರೆ ಆ ಒಂದು ಪಾಲು ಕುಡಿಯಲು ಮತ್ತು ಅಡುಗೆಗೆ ಸಾಕು, ಮಿಕ್ಕರೆ ನೆಲಕ್ಕೆ ಇಂಗಿಸಬಹುದು. ಉಳಿದ ಮಳೆಯನ್ನು ಮೇಲಿನಿಂದ ಕೆಳಕ್ಕೆ ಸರಪಳಿಯಾಗಿ ಹಿಡಿಯುವುದನ್ನು ಚಿತ್ರದುರ್ಗದ ಕೋಟೆಯೇ ನಮಗೆ ಕಲಿಸಿದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ ಸಾಗುತ್ತದೆ. ಬಡಾವಣೆಯ ನೆತ್ತಿಯಲ್ಲಿ ಇಂಗುಗುಂಡಿ, ನಡುವೆ ಉದ್ಯಾನದ ತಗ್ಗು, ಬುಡದಲ್ಲಿ ಒಂದು ಕಟ್ಟೆ, ಕಟ್ಟೆಯ ಕೋಡಿ ಊರಿನ ಕೆರೆಗೆ ಎಂಬ ಕ್ರಮ ಅದೇ ಕೋಟೆಯ ಪಾಠ.

ಒಳ್ಳೆಯ ಮಳೆಯ ವರ್ಷವನ್ನು ನಂಬಿ ಗಾತ್ರ ನಿರ್ಧರಿಸಬೇಡಿ. ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೋಡಲು ಹೋದರು. ಅದಕ್ಕೆ ಮೊದಲು ಅದು ಕೋಡಿ ಬಿದ್ದದ್ದು 1933ರಲ್ಲಿ.

ಕೆರೆ ಹೇಗೂ ಒಣಗಿದೆ. ಬಡಾವಣೆಯ ಚರಂಡಿ ನೀರು ಬಿಟ್ಟರೆ ಕೆರೆಯಾದರೂ ತುಂಬುತ್ತದಲ್ಲ?

ತುಂಬುತ್ತದೆ, ಆದರೆ ಅದು ಮತ್ತೆ ಕೆರೆಯಾಗಿ ಉಳಿಯುವುದಿಲ್ಲ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡಾ 80ರಷ್ಟು ಕೊಳಕಾಗಿ ಹೊರಬರುತ್ತದೆ. 180 ಮನೆಗಳಿಂದ ದಿನಕ್ಕೆ 97,000 ಲೀಟರ್, ಅಂದರೆ ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಹತ್ತೊಂಬತ್ತು ಲೋಡು. ಇಷ್ಟು ನಿತ್ಯ ಬೀಳುವ ಕೆರೆಯಲ್ಲಿ ಮೊದಲು ಅಂತರಗಂಗೆ ಹಬ್ಬುತ್ತದೆ, ಆಮೇಲೆ ಮೀನು ಸಾಯುತ್ತದೆ, ಕೊನೆಗೆ ಕೆರೆಯ ಕೆಳಗಿನ ಬಾವಿಯ ನೀರು ನಾರುತ್ತದೆ.

ಇಷ್ಟು ಸಣ್ಣ ಬಡಾವಣೆಗೆ ಕರೆಂಟು ತಿನ್ನುವ ದೊಡ್ಡ ಯಂತ್ರ ಬೇಡ. ಶೌಚದ ನೀರಿಗೆ ಮುಚ್ಚಿದ ತೊಟ್ಟಿಗಳ ಸಾಲು, ಅದರಿಂದ ಹೊರಬಂದ ನೀರಿಗೂ ಬಚ್ಚಲು ನೀರಿಗೂ ಜಲ್ಲಿಹಾಸಿನಲ್ಲಿ ಕಾಬಾಳೆ ಮತ್ತು ಜೊಂಡು ನೆಟ್ಟ ಶೋಧಕ, ಕೊನೆಗೆ ಬಿಸಿಲು ಬೀಳುವ ಒಂದು ಹೊಂಡ. ನೆಲದ ಇಳಿಜಾರಿನಲ್ಲೇ ನೀರು ಹರಿಯುವುದರಿಂದ ಪಂಪು ಬೇಕಾಗುವುದು ಮರಗಳಿಗೆ ನೀರು ಎತ್ತುವಾಗ ಮಾತ್ರ. ಇದಕ್ಕೆ ಬಡಾವಣೆಯ ಅತ್ಯಂತ ತಗ್ಗಿನ ಜಾಗ ಬೇಕು. ಆ ಜಾಗವನ್ನು ಮೊದಲು ಗುರುತಿಸಿ, ಅನಂತರ ರಸ್ತೆ ಎಳೆಯಬೇಕು. ನಮ್ಮಲ್ಲಿ ಇದರ ತಲೆಕೆಳಗು ನಡೆಯುತ್ತದೆ.

ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ ಅಂತಾರೆ. ಹೊಸ ಬಡಾವಣೆಗೆ ಏನು ಮಾಡಬೇಕು?

ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಈ ತೊಂದರೆ ನಿಜ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5. ಪ್ರತಿ ಬೋರಿನ ನೀರನ್ನೂ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯಲು ಮಾಳಿಗೆಯ ಮಳೆನೀರೇ ಉತ್ತಮ, ಏಕೆಂದರೆ ಅದರಲ್ಲಿ ಫ್ಲೋರೈಡ್ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಸೋಸಿ, ಕಾಯಿಸಿ ಕುಡಿಯಬೇಕು. ಶುದ್ಧ ನೀರಿನ ಘಟಕ ಹಾಕಿದರೆ ಅದು ಹೊರಗೆಸೆಯುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ ಎಂಬುದನ್ನು ನೆನಪಿಡಿ. ಅದನ್ನು ಇಂಗುಗುಂಡಿಗೆ ಬಿಡಬಾರದು.

## ಮನೆ, ಬೀದಿ, ಮರ

ಎರೆ ಭೂಮಿಯಲ್ಲಿ ಮನೆ ಬಿರುಕು ಬಿಡುತ್ತದೆ. ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿ ಅಂತೀರಲ್ಲ, ಹೇಗೆ?

ಇವು ಎರಡು ಬೇರೆ ಸಂಗತಿಗಳು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಅದರ ಗುರುತು. ಅಲ್ಲಿ ಎರೆಪದರವನ್ನು ತೆಗೆದು ಗಟ್ಟಿ ನೆಲದವರೆಗೆ ಪಾಯ ಇಳಿಸಬೇಕು. ಪದರ ತುಂಬ ಆಳವಾಗಿದ್ದರೆ ಬುಡ ಅಗಲಗೊಳಿಸಿದ ಕಾಂಕ್ರೀಟ್ ಕಂಬಗಳನ್ನು ಇಳಿಸಿ ಅವುಗಳ ಮೇಲೆ ತೊಲೆ ಹಾಕಬೇಕು. ಗೋಡೆಯ ಇಟ್ಟಿಗೆಗೆ ಎರೆಮಣ್ಣು ಬರುವುದಿಲ್ಲ, ಮರಳು ಬೆರೆತ ಕೆಂಪುಮಣ್ಣು ಬೇಕು. ಅದಕ್ಕೆ ಶೇಕಡಾ 5ರಿಂದ 8 ಸಿಮೆಂಟ್ ಕಲಸಿ, ಕೈಯಂತ್ರದಲ್ಲಿ ಒತ್ತಿ, ನೆರಳಿನಲ್ಲಿಟ್ಟು ಮೂರು ವಾರ ನೀರುಣಿಸಿದರೆ ಸುಡದ ಗಟ್ಟಿ ಇಟ್ಟಿಗೆ ಸಿದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಈ ವಿಧಾನವನ್ನು ಹಳ್ಳಿಗಳಿಗಾಗಿಯೇ ಬೆಳೆಸಿತು. ಇಟ್ಟಿಗೆ ಭಟ್ಟಿಗೆ ಉರಿಯುವ ಸೌದೆ ಇದರಲ್ಲಿ ಉಳಿಯುತ್ತದೆ, ಊರಿನವರ ಕೈಗೆ ಕೂಲಿಯೂ ಸಿಗುತ್ತದೆ. ಮಳೆ ಹೊಡೆಯುವ ಗೋಡೆಗೆ ಸೂರನ್ನು ಎರಡೂವರೆ ಅಡಿ ಚಾಚುವುದು ಕಡ್ಡಾಯ.

ಎಲ್ಲರೂ ಪೂರ್ವದ ಬಾಗಿಲೇ ಕೇಳುತ್ತಾರೆ. ಬಿಸಿಲಿಗೆ ಯಾವ ದಿಕ್ಕು ಒಳ್ಳೆಯದು?

ಮಾರಾಟದ ದೃಷ್ಟಿಯಿಂದ ನೀವು ಹೇಳುವುದು ಸರಿ. ಬಿಸಿಲಿನ ದೃಷ್ಟಿಯಿಂದ ನೋಡಿದರೆ ಮನೆಯ ಉದ್ದದ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖ ಮಾಡಿದ್ದರೆ ತಂಪು, ಏಕೆಂದರೆ ಮನೆಯನ್ನು ಹೆಚ್ಚು ಕಾಯಿಸುವುದು ಮಧ್ಯಾಹ್ನ ಮೂರರ ಮೇಲಿನ ಪಡುವಣ ಬಿಸಿಲು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಆದ್ದರಿಂದ ಉತ್ತರದ ಕಿಟಕಿಗೂ ಚಿಕ್ಕ ಸಜ್ಜಾ ಬೇಕು. ಪಡುವಣ ಗೋಡೆಗೆ ಬಚ್ಚಲು, ಮೆಟ್ಟಿಲು, ಉಗ್ರಾಣ ಇರಲಿ. ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಚಾವಣಿಯೂ ಬಿಸಿಗಾಳಿ ಹೊರಹೋಗುವ ಗವಾಕ್ಷಿಯೂ ಇದ್ದವು. ಆರ್‌ಸಿಸಿ ಮನೆಯಲ್ಲಿ ಚಾವಣಿಗೆ ಪ್ರತಿ ಬೇಸಿಗೆ ಸುಣ್ಣ ಬಳಿದರೂ ಒಳಗೆ ವ್ಯತ್ಯಾಸ ಗೊತ್ತಾಗುತ್ತದೆ. ಬೀದಿಗೆ ಹೊಂಗೆ, ಬೇವು, ನೇರಳೆ ಸಾಕು. ಇದ್ದ ಹುಣಸೆಮರವನ್ನು ಕಡಿದು ಅಲಂಕಾರದ ಗಿಡ ನೆಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸೋಲಾರ್ ಎಲ್ಲರೂ ಹಾಕಿಸಬೇಕೇ?

ಚಾವಣಿ ಸೌರವಿದ್ಯುತ್ತಿಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಎರಡೂ ಜಿಲ್ಲೆಗಳಲ್ಲಿ ಬೆಸ್ಕಾಂ ಮೂಲಕ ಅರ್ಜಿ. ಮೊದಲ ಖರ್ಚು ನೀರಿಗೆ ಆಗಲಿ, ಅನಂತರ ಇದು.

## ಊರೂ ಬಡಾವಣೆಯೂ

ಕಳ್ಳಕಾಕರ ಭಯ ಇದೆ. ಸುತ್ತ ಕಾಂಪೌಂಡ್ ಹಾಕಿ ಒಂದೇ ಗೇಟು ಇಟ್ಟರೆ ತಪ್ಪೇನು?

ಭಯ ನಿಜ, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಗೋಡೆ ಎದ್ದ ದಿನದಿಂದ ಹೊಲಕ್ಕೆ ಹೋಗುವ ಹೆಂಗಸರು, ಕುರಿಮಂದೆ, ಮೇವಿನ ಗಾಡಿ ಎಲ್ಲವೂ ಸುತ್ತಿ ಹೋಗಬೇಕು. ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ತಳಿಯ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲಿನ (ಅಮೃತಮಹಲ್ ಕಾವಲಿನ) ಸಾವಿರಾರು ಎಕರೆಯನ್ನು ದೊಡ್ಡ ಸಂಸ್ಥೆಗಳಿಗೆ ಕೊಟ್ಟಾಗ ದನಕುರಿ ಕಾಯುವವರ ಪ್ರಶ್ನೆ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಸಣ್ಣ ಬಡಾವಣೆಯ ಗೋಡೆಯೂ ಅದೇ ಪ್ರಶ್ನೆಯನ್ನು ಚಿಕ್ಕದಾಗಿ ಎಬ್ಬಿಸುತ್ತದೆ. ನಕ್ಷೆ ಬರೆಯುವ ಮೊದಲು ಊರಿನ ಹಿರಿಯರೊಡನೆ ಒಂದು ಬೆಳಗ್ಗೆ ಆ ಜಮೀನನ್ನು ನಡೆದು ನೋಡಿ. ಊರಮ್ಮನ ಮೆರವಣಿಗೆ ಎಲ್ಲಿ ತಿರುಗುತ್ತದೆ, ಕರುಗಲ್ಲು ಎಲ್ಲಿದೆ, ಗೊಲ್ಲರಹಟ್ಟಿಯ ದಾರಿ ಯಾವುದು, ದೇವರ ಎತ್ತುಗಳು ಎಲ್ಲಿ ಮೇಯುತ್ತವೆ ಎಂಬುದು ಯಾವ ಸರ್ವೆ ನಕ್ಷೆಯಲ್ಲೂ ಪೂರ್ತಿ ಇರುವುದಿಲ್ಲ. ಆ ದಾರಿಗಳನ್ನು ಬೀದಿಗಳಾಗಿ ಉಳಿಸಿ, ಮನೆಗಳ ಜಗುಲಿ ಮತ್ತು ಕಿಟಕಿ ಬೀದಿಗೆ ತೆರೆದಿರುವಂತೆ ಮಾಡಿ. ಜನ ಓಡಾಡುವ ಬೀದಿಯಲ್ಲಿ ಅಪರಿಚಿತರು ಬೇಗ ಕಣ್ಣಿಗೆ ಬೀಳುತ್ತಾರೆ.

ಬಡಾವಣೆಯಿಂದ ನಮ್ಮ ಊರಿನವರಿಗೆ ಏನು ಸಿಗುತ್ತದೆ?

ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ, ನಕ್ಷೆ ಮಂಜೂರಾಗುವ ಮೊದಲು ಕೇಳಬೇಕು. ನಾಗರಿಕ ಸೌಲಭ್ಯದ ಜಾಗ ಮತ್ತು ಉದ್ಯಾನವನ್ನು ಹೈಟೆನ್ಷನ್ ತಂತಿಯ ಕೆಳಗಿನ ಮೂಲೆಗೆ ತಳ್ಳುವ ಬದಲು ಊರಿಗೂ ಬಡಾವಣೆಗೂ ನಡುವಣ ಗಡಿಯಲ್ಲಿ ಇಡಿಸಿ. ಅಂಗನವಾಡಿ, ಆಟದ ಬಯಲು ಅಲ್ಲಿದ್ದರೆ ಎರಡೂ ಕಡೆಯ ಮಕ್ಕಳು ಸೇರುತ್ತಾರೆ. ಒಂದಿಷ್ಟು ನಿವೇಶನಗಳನ್ನು 20×30ರ ಅಳತೆಯಲ್ಲಿ ಮಾಡಿ, ಊರಲ್ಲೇ ಬಾಡಿಗೆಗೆ ಇರುವ ಕೂಲಿಕಾರ ಕುಟುಂಬಗಳಿಗೆ ಮೊದಲು ಅವಕಾಶ ಕೊಡಲು ಕೇಳಿ. ಅವನ್ನು ಹಿಂದಿನ ಸಾಲಿನಲ್ಲಿ ಪ್ರತ್ಯೇಕವಾಗಿ ಇಡಬಾರದು. ಊರಿನಲ್ಲಿ ಈಗಾಗಲೇ ಇರುವ ಕೇರಿಗಳ ಅಂತರವನ್ನು ಹೊಸ ನಕ್ಷೆಯಲ್ಲೂ ಬರೆದರೆ ಅದು ಇನ್ನೊಂದು ತಲೆಮಾರಿಗೆ ಕಲ್ಲಿನಲ್ಲಿ ಕೊರೆದಂತೆ.

ಸೈಟು ಮಾರಿ ಡೆವಲಪರ್ ಹೊರಟುಹೋದ ಮೇಲೆ ಇದನ್ನೆಲ್ಲ ನೋಡಿಕೊಳ್ಳುವವರು ಯಾರು?

ರಸ್ತೆ, ಉದ್ಯಾನ ಮತ್ತು ಸೌಲಭ್ಯದ ಜಾಗಗಳನ್ನು ನೋಂದಾಯಿತ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಆ ಪತ್ರದ ನಕಲು ಪ್ರತಿ ಕೊಳ್ಳುಗರ ಬಳಿಯೂ ಇರಲಿ. ಆದರೆ ಗ್ರಾಮ ಪಂಚಾಯಿತಿಯಲ್ಲಿ ಇರುವ ಕೆಲವೇ ನೌಕರರ ಕೈಯಿಂದ ಜಲ್ಲಿಹಾಸು, ಮೋರಿ, ಇಂಗುಗುಂಡಿ ಎಲ್ಲದರ ನಿಗಾ ಆಗುವುದಿಲ್ಲ. ನಿವಾಸಿಗಳ ಸಂಘವೂ ಊರಿನ ನೀರು ಸಮಿತಿಯೂ ಕೂಡಿ ಒಂದು ಪುಸ್ತಕ ಇಡಬೇಕು: ಬೋರಿನ ನೀರಿನ ಮಟ್ಟ ತಿಂಗಳಿಗೊಮ್ಮೆ, ನೀರಿನ ಪರೀಕ್ಷೆ ವರ್ಷಕ್ಕೆರಡು ಸಲ, ಖರ್ಚಿನ ಲೆಕ್ಕ ಎರಡೂ ಕಡೆಯವರ ಸಹಿಯೊಡನೆ. ಮೋರಿ ಮತ್ತು ಚರಂಡಿಯ ಹೂಳನ್ನು ಯುಗಾದಿ ಮುಗಿದ ಮೇಲೆ, ಭರಣಿ ಮಳೆಗೆ ಮೊದಲು ತೆಗೆಸಬೇಕು; ಜಲ್ಲಿಹಾಸಿನ ಕಾಬಾಳೆಯನ್ನು ದಸರೆಯ ಹೊತ್ತಿಗೆ ಬುಡದವರೆಗೆ ಸವರಬೇಕು. ನಿವೇಶನ ಮಾರುವಾಗಲೇ ಪ್ರತಿ ನಿವೇಶನಕ್ಕೆ ಇಷ್ಟು ಎಂದು ನಿರ್ವಹಣೆಯ ಠೇವಣಿ ಪಡೆದು, ಸಂಘ ಮತ್ತು ಪಂಚಾಯಿತಿಯ ಜಂಟಿ ಖಾತೆಯಲ್ಲಿಟ್ಟು, ಅದರ ಬಡ್ಡಿಯಿಂದ ಈ ಕೆಲಸಕ್ಕೆ ಊರಿನವರೇ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳುವುದು ಮೇಲು.